ನಲವತ್ತನಾಲ್ಕನೆಯ ತೋಟದ ಆಮೆ

ಆಮೆಗೆ ಇಪ್ಪತ್ತೆಂಟು ವರ್ಷ ತುಂಬಿದ ಮಾರ್ಚ್ ತಿಂಗಳಲ್ಲಿ ಪಶುವೈದ್ಯೆ ಅದರ ಚಿಪ್ಪಿನ ಹಿಂದಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲಿ ಚಿಪ್ಪು ತಗ್ಗಿತು. ಆಮೆಯ ಚಿಪ್ಪು ತಗ್ಗಬಾರದು.

"ಇದು ಬಿಸಿಲು ಕಂಡು ಎಷ್ಟು ದಿನ ಆಯ್ತು?" ಎಂದು ವೈದ್ಯೆ ಕೇಳಿದರು.

"ಎರಡು ಬೇಸಿಗೆ," ಎಂದಳು ರೋಸ್ವಿತಾ ಯೇಕೆಲ್. "ದೀಪ ಹಾಕ್ತೀನಿ. ದಿನಕ್ಕೆ ಹನ್ನೆರಡು ಗಂಟೆ. ದುಬಾರಿ ದೀಪ."

"ದೀಪ ಎಷ್ಟೇ ದುಬಾರಿ ಆದ್ರೂ ದೀಪಾನೇ, ಫ್ರಾವ್ ಯೇಕೆಲ್. ಈ ಸಲ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೊರಗಡೆ ಇಡಿ. ಇಲ್ಲಾಂದ್ರೆ ಇನ್ನೊಂದು ಚಳಿಗಾಲ ಇದು ದಾಟಲ್ಲ."

ರೋಸ್ವಿತಾ ಆಮೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ತಾನು ಕುಳಿತು ಬೆಲ್ಟ್ ಹಾಕಿಕೊಂಡಳು, ಡಬ್ಬಿಗೂ ಒಂದು ಬೆಲ್ಟ್ ಹಾಕಿದಳು. ಮನೆ ತಲುಪಿ ಇಳಿಯುವಾಗ ಒಂದೇ ಮಾತು ಹೇಳಿದಳು.

"ತೋಟದಲ್ಲಿ ಅದಕ್ಕೊಂದು ಮನೆ ಕಟ್ಟಬೇಕು."

ಆಕೆ ಹುಟ್ಟಿದ್ದು, ಬೆಳೆದದ್ದು, ರೈಲುಗಾಡಿ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ಕ್ರೇನ್ ನಡೆಸಿದ್ದು ಎಲ್ಲವೂ ನಮ್ಮ ಹಾಲೆ ಊರಿನಲ್ಲೇ. ಹದಿನಾಲ್ಕು ಮೀಟರ್ ಎತ್ತರದ ಗೂಡಿನಲ್ಲಿ ಕುಳಿತು ಬೋಗಿಯ ಇಡೀ ಮೈಯನ್ನು ಎತ್ತಿ, ಯಾರ ತಲೆಯ ಮೇಲೂ ಹಾಯಿಸದೆ, ಸುಣ್ಣದಲ್ಲಿ ಗೆರೆ ಎಳೆದ ಜಾಗದಲ್ಲೇ ಇಳಿಸುತ್ತಿದ್ದಳು. ಕೆಳಗೆ ನಿಂತು ಸನ್ನೆ ಮಾಡುವವನು ತಪ್ಪು ಸನ್ನೆ ಮಾಡಿದರೆ ಬೋಗಿಯನ್ನು ಗಾಳಿಯಲ್ಲೇ ನಿಲ್ಲಿಸಿ, ಅವನು ಸರಿಯಾದ ಸನ್ನೆ ಮಾಡುವವರೆಗೆ ಕಾಯುತ್ತಿದ್ದಳು. ಒಮ್ಮೆ ಹೀಗೆ ನಲವತ್ತು ನಿಮಿಷ ಕಾದಳು. ಆ ಮನುಷ್ಯ ಊಟಕ್ಕೆ ಹೋಗಿದ್ದ. ನಾನು ಅದೇ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದೆ. ಆ ಬೋಗಿ ತೂಗಾಡದೆ ನಿಂತಿದ್ದನ್ನು ನಾನೇ ನೋಡಿದ್ದೇನೆ.

ದೇಶವನ್ನು ಪೂರ್ವ, ಪಶ್ಚಿಮವೆಂದು ಸೀಳಿದ್ದ ಗೋಡೆ ಬಿದ್ದು ಎರಡು ವರ್ಷವಾದಾಗ ಆಕೆಯ ಗಂಡ ಡೀಟ್ಹೆಲ್ಮ್ ಪಶ್ಚಿಮದ ಕಡೆ ಪೇಟೆಗೆ ಹೋದ. ಗೋಡೆ ಕೊರೆಯುವ ಯಂತ್ರ ತರುತ್ತೇನೆಂದು ಹೋದವನು ಆಮೆ ತಂದ. ಆಗ ಅದು ಒಂದು ದೊಡ್ಡ ನಾಣ್ಯದಷ್ಟಿತ್ತು. ಜೊತೆಗೆ ಪ್ಲಾಸ್ಟಿಕ್ ತೆಂಗಿನ ಮರವಿದ್ದ ಒಂದು ತಟ್ಟೆಯನ್ನೂ ಕೊಟ್ಟಿದ್ದರು. ಮುಂದೆ ಕಾರ್ಖಾನೆಯಲ್ಲಿ ಅರ್ಧ ಜನರನ್ನು ತೆಗೆದರು. ಡೀಟ್ಹೆಲ್ಮ್ ಕೆಲಸಕ್ಕೆಂದು ಪಶ್ಚಿಮದ ಕಾಸೆಲ್ ಊರಿಗೆ ಹೋದ. ವಾರಕ್ಕೊಮ್ಮೆ ಬರುತ್ತಿದ್ದವನು ತಿಂಗಳಿಗೊಮ್ಮೆ ಬರತೊಡಗಿದ. ಕಡೆಗೆ ಅವನ ಬದಲು ಕಾಗದ ಬಂದಿತು. ರೋಸ್ವಿತಾ ಕಾಗದವನ್ನು ಪೂರ್ತಿ ಓದಿ, ಮಡಚಿಟ್ಟು, ಆಮೆಯ ನೀರು ಬದಲಿಸಿದಳು. ಅದು ನೀರು ಬದಲಿಸುವ ದಿನವಾಗಿತ್ತು.

ಆಮೆಯ ಹೆಸರು ಎರ್ವಿನ್, ಗಂಡಸರ ಹೆಸರು. ಹನ್ನೊಂದನೆಯ ವರ್ಷ ಎರ್ವಿನ್ ಐದು ಮೊಟ್ಟೆ ಇಟ್ಟಿತು. ಪಶುವೈದ್ಯರ ಚೀಟಿಯಲ್ಲಿ ಎರ್ವಿನ್ ಎಂದೇ ಬರೆದಾಗಿದ್ದರಿಂದ ಹೆಸರು ಬದಲಾಗಲಿಲ್ಲ. ಚಳಿಗಾಲದ ನಿದ್ದೆಗೆ ಅದಕ್ಕೆಂದೇ ನೆಲಮಾಳಿಗೆಯಲ್ಲಿ ಒಂದು ಫ್ರಿಜ್ ಇದೆ. ಬೇಸಿಗೆಯಲ್ಲಿ ಅದು ಬಾಲ್ಕನಿಯ ತೊಟ್ಟಿಯಲ್ಲಿ ಇರುತ್ತಿತ್ತು. ಎರಡು ವರ್ಷದ ಹಿಂದೆ ಬಾಲ್ಕನಿಯ ಎದುರಿನ ಖಾಲಿ ಜಾಗದಲ್ಲಿ ಆರು ಅಂತಸ್ತಿನ ಕಟ್ಟಡ ಎದ್ದಿತು. ಅಂದಿನಿಂದ ಆ ಬಾಲ್ಕನಿಗೆ ಬಿಸಿಲಿಲ್ಲ.

ರೈಲು ಹಳಿಯ ಪಕ್ಕದಲ್ಲಿ ನಮ್ಮ ಸಂಘದ ಅರವತ್ತೆರಡು ಬಾಡಿಗೆ ತೋಟಗಳಿವೆ; ಬೇಸಿಗೆಯಲ್ಲಿ ತಂಗಲು ಒಂದೊಂದರಲ್ಲೂ ಒಂದು ಮರದ ಗುಡಿಸಲು. ನಲವತ್ತನಾಲ್ಕು ರೋಸ್ವಿತಾಳದು, ನಲವತ್ತೈದು ನನ್ನದು, ನಲವತ್ತಮೂರು ಹಿಂದೆ ಟ್ರಾಮ್ ಓಡಿಸುತ್ತಿದ್ದ ಪೊಶ್ಮನ್ ಅವರದು. ನಿಯಮಗಳು ಮೂವತ್ತೊಂದು. ಬೇಲಿ ಎದೆಯೆತ್ತರವನ್ನು ಮೀರಬಾರದು. ತೋಟದ ಮೂರನೇ ಒಂದು ಪಾಲಿನಲ್ಲಿ ತರಕಾರಿ ಅಥವಾ ಹಣ್ಣು ಇರಲೇಬೇಕು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಸದ್ದು ಕೂಡದು. ಜೇನುಹುಳುವನ್ನು ಬಿಟ್ಟು ಬೇರೆ ಯಾವ ಪ್ರಾಣಿಯನ್ನೂ ಸಾಕುವಂತಿಲ್ಲ. ಇವೆಲ್ಲ ಹೊರಗಿನವರಿಗೆ ಅತಿ ಎನಿಸಬಹುದು. ಇವು ಇರುವುದರಿಂದಲೇ ಅರವತ್ತೆರಡು ಮನೆಯವರು ಒಬ್ಬರನ್ನೊಬ್ಬರು ಇಷ್ಟು ಕಾಲ ಸಹಿಸಿಕೊಂಡಿದ್ದಾರೆ.

ಏಪ್ರಿಲ್ ಸಭೆಯಲ್ಲಿ ರೋಸ್ವಿತಾ ಅರ್ಜಿ ಕೊಟ್ಟಳು. ಸಭೆಯ ನಡಾವಳಿ ಬರೆಯುವವಳು ನಾನು. ಅಧ್ಯಕ್ಷ ಟ್ರೋಮರ್ ಅರ್ಜಿಯನ್ನು ಎರಡು ಬಾರಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪ್ರಾಣಿ ಸಾಕೋ ಹಾಗಿಲ್ಲ, ಫ್ರಾವ್ ಯೇಕೆಲ್. ನಿಮಗೆ ಗೊತ್ತಿರೋದೇ."

"ಸಾಕೋದು ಮನೇಲಿ. ಇಲ್ಲಿಗೆ ಬೇಸಿಗೆಗೆ ಬರುತ್ತೆ, ಅಷ್ಟೆ. ನಿಮ್ಮತ್ತೆ ಬರ್ತಾರಲ್ಲ, ಹಾಗೆ."

ಟ್ರೋಮರ್ ಅವರ ಹೆಂಡತಿ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. "ನಮ್ಮಮ್ಮ ನಾಲ್ಕು ತಿಂಗಳು ಇರಲ್ಲ, ಎರಡು ವಾರ ಇರ್ತಾರೆ," ಎಂದರು.

"ಎರಡು ವಾರಾನೇ ಸಾಕಪ್ಪ," ಎಂದು ಟ್ರೋಮರ್ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಬಳಿಕ ಅವರು ಗಂಟಲು ಸರಿಮಾಡಿಕೊಂಡರು. "ನೋಡಿ, ಅದು ಅಮೆರಿಕದ ಜಾತಿ. ತಪ್ಪಿಸಿಕೊಂಡು ಕೆರೆಗೆ ಬಿತ್ತು ಅಂದ್ರೆ ಕಪ್ಪೆ, ಮೀನು ಎಲ್ಲಾ ಖಾಲಿ. ಆಮೇಲೆ ಸಂಘದ ಹೆಸರು ಪೇಪರಲ್ಲಿ ಬರುತ್ತೆ."

"ತಪ್ಪಿಸಿಕೊಳ್ಳಲ್ಲ."

"ಎಲ್ಲರೂ ಹಾಗೇ ಅಂತಾರೆ."

"ಎಲ್ಲರೂ ಕ್ರೇನ್ ನಡೆಸಿರಲ್ಲ."

ಒಂದೂವರೆ ಗಂಟೆಯ ಚರ್ಚೆಯ ಬಳಿಕ ನಾನು ಬರೆದುಕೊಂಡ ತೀರ್ಮಾನ ಇದು: ನಲವತ್ತನಾಲ್ಕನೆಯ ತೋಟದಲ್ಲಿ ಒಂದು ಬೇಸಿಗೆಯ ಮಟ್ಟಿಗೆ ಒಂದು ಆಮೆಯನ್ನು ಇರಿಸಿಕೊಳ್ಳಲು ಅನುಮತಿ ನೀಡಲಾಗಿದೆ, ಆಮೆ ಒಮ್ಮೆ ತೋಟದ ಗಡಿ ದಾಟಿದರೂ ಅನುಮತಿ ರದ್ದಾಗುತ್ತದೆ. ರೋಸ್ವಿತಾ ಅದರ ಕೆಳಗೆ ಸಹಿ ಹಾಕಿದಳು.

ಅಂದು ಸಂಜೆಯೇ ಆಕೆ ಅಗೆಯಲು ಆರಂಭಿಸಿದಳು. ಎಪ್ಪತ್ತು ವರ್ಷದ ಹೆಂಗಸು ಮೊದಲ ವಾರವಿಡೀ ಕಾಲುವೆ ತೋಡಿದಳು: ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಚೌಕದ ಸುತ್ತ, ಮೊಣಕಾಲಿನಷ್ಟು ಆಳ. ಹಲಗೆಯ ಬುಡ ಅಷ್ಟು ಆಳಕ್ಕೆ ಇಳಿದರೆ ಆಮೆ ಅಡಿಯಿಂದ ತೋಡಿಕೊಂಡು ಹೊರಬರಲಾರದು. ಹಲಗೆಗಳನ್ನು ಆಕೆ ಒಂದೊಂದಾಗಿ ಅಂಗೈಯಿಂದ ಸವರಿ ಆರಿಸಿ ತಂದಳು. ಉಗುರಿಗೆ ಹಿಡಿತ ಸಿಗುವ ಒಂದು ಗಂಟೂ ಇರಬಾರದಿತ್ತು. ನಡುವೆ ಕೊಳದ ತೊಟ್ಟಿಯನ್ನು ಹೂತಳು. ಅದರ ಒಂದು ಬದಿ ಸೊಂಟದಷ್ಟು ಆಳ, ಇನ್ನೊಂದು ಬದಿ ಹತ್ತಿ ಬರಲು ಇಳಿಜಾರು. ನೀರಿನ ಮೇಲೆ ಬಿಸಿಲು ಕಾಯಲು ಓಕ್ ಮರದ ದಿಮ್ಮಿ, ಬಿಸಿಲು ಹೆಚ್ಚಾದರೆ ಸರಿದುಕೊಳ್ಳಲು ಅರ್ಧ ಭಾಗದಲ್ಲಿ ನೆರಳು, ಮೊಟ್ಟೆ ಇಡಲು ಮರಳಿನ ದಿಬ್ಬ. ಕಾಗೆ, ಬೆಕ್ಕುಗಳಿಗೆಂದು ಮೇಲೊಂದು ಬಲೆಯ ಚೌಕಟ್ಟು.

ಪೊಶ್ಮನ್ ದಿನವೂ ಬೇಲಿಯ ಮೇಲೆ ಮೊಣಕೈ ಊರಿ ನೋಡುತ್ತಿದ್ದರು.

"ಫ್ರಾವ್ ಯೇಕೆಲ್, ಆಮೆಗೆ ಕಟ್ತಿದೀರೋ, ಸಿಂಹಕ್ಕೋ?"

"ಸಿಂಹಕ್ಕೆ ಇಷ್ಟು ಬೇಕಾಗಲ್ಲ. ಸಿಂಹ ಅಗೆಯಲ್ಲ."

"ಮೂಲೇಲಿ ಆ ತ್ರಿಕೋನ ಹಲಗೆ ಏನಕ್ಕೆ?"

"ಮೂಲೆ ಅಂದ್ರೆ ಅದಕ್ಕೆ ಏಣಿ ಇದ್ದ ಹಾಗೆ. ಎರಡು ಗೋಡೆಗೂ ಕಾಲು ಕೊಟ್ಟು ಹತ್ತುತ್ತೆ. ಹಲಗೆ ಮೇಲೆ ಅಡ್ಡ ಬಂದ್ರೆ ತಲೆ ತಾಗಿ ಬೀಳುತ್ತೆ."

"ನಾನಾಗಿದ್ರೆ ತಗಡು ಹೊಡೀತಿದ್ದೆ. ಮೂವತ್ನಾಲ್ಕು ವರ್ಷ ಟ್ರಾಮ್ ಓಡಿಸಿದೋನು ಹೇಳ್ತಿದೀನಿ."

"ಟ್ರಾಮ್‌ಗೆ ಹಳಿ ಇತ್ತು, ಹೆರ್ ಪೊಶ್ಮನ್. ಎಲ್ಲಿಗೆ ಹೋಗಬೇಕು ಅನ್ನೋದನ್ನ ಬೇರೆಯವರು ಮೊದಲೇ ಹಾಕಿಟ್ಟಿದ್ರು."

ಪೊಶ್ಮನ್ ಇಂಥ ಮಾತಿಗೆ ನೊಂದುಕೊಳ್ಳುವವರಲ್ಲ. ಮರುದಿನವೂ ಅದೇ ಹೊತ್ತಿಗೆ ಬೇಲಿಯ ಬಳಿ ಬಂದು ನಿಂತರು.

ಮೇ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ನೀರು ಇಪ್ಪತ್ತು ಡಿಗ್ರಿ ತಲುಪಿತು. ಮೂರು ಮೂಲೆಗಳ ಕೆಲಸ ಮುಗಿದಿತ್ತು. ನಾಲ್ಕನೆಯದು ಮಧ್ಯಾಹ್ನದೊಳಗೆ ಮುಗಿಯುತ್ತದೆಂಬ ಲೆಕ್ಕದಲ್ಲಿ ರೋಸ್ವಿತಾ ಎರ್ವಿನ್ನನ್ನು ತಂದು ನೀರಿಗೆ ಬಿಟ್ಟಳು. ಆಕೆಯ ಲೆಕ್ಕ ತಪ್ಪುವುದು ಅಪರೂಪ. ಆ ದಿನ ಒಂದು ಮೊಳೆ ಬಾಗಿತು. ಅದನ್ನು ಕೀಳಲು ಹೊತ್ತು ಹಿಡಿಯಿತು. ಕಡೆಯ ಹಲಗೆಗೆ ಎರಡು ಮೊಳೆ ಬಾಕಿಯಿರುವಾಗ ಚರ್ಚಿನ ಗಡಿಯಾರ ಒಂದು ಬಾರಿಸಿತು. ಆಕೆ ಎತ್ತಿದ್ದ ಸುತ್ತಿಗೆಯನ್ನು ಹಾಗೆಯೇ ಕೆಳಗಿಟ್ಟಳು.

"ಎರಡೇ ಮೊಳೆ ತಾನೇ," ಎಂದರು ಪೊಶ್ಮನ್. "ಹೊಡೆದುಬಿಡಿ."

"ಒಂದು ಹೊಡೀತು."

"ಯಾರು ಕಿವಿಗೊಟ್ಟು ಕೂತಿದಾರೆ? ಟ್ರೋಮರ್ ಆಗಲೇ ಗೊರಕೆ ಹೊಡೀತಿದಾರೆ."

"ಅವರಿಗೋಸ್ಕರ ನಿಲ್ಲಿಸಿದ್ದಲ್ಲ."

ನಾನು ನನ್ನ ತೋಟದಿಂದ ಇದನ್ನೆಲ್ಲ ನೋಡುತ್ತಿದ್ದೆ. ಆಕೆ ಮಾಡಿದ್ದು ಸರಿ ಎಂದೇ ಆಗ ನನಗೆ ಅನ್ನಿಸಿತು. ಅರವತ್ತೆರಡು ತೋಟಗಳಲ್ಲಿ ಆ ಹೊತ್ತಿಗೆ ಬೇರೆಯದನ್ನು ಮಾಡುವವರು ಯಾರೂ ಇರಲಿಲ್ಲ.

ಆಮೆಯನ್ನು ಮತ್ತೆ ಡಬ್ಬಿಗೆ ಹಾಕಿ ಇಡಬಹುದಿತ್ತು. ಆಕೆ ಡಬ್ಬಿಯನ್ನು ಎತ್ತಿಕೊಂಡೂ ಬಂದಳು. ಆದರೆ ಅಷ್ಟರಲ್ಲಿ ಎರ್ವಿನ್ ದಿಮ್ಮಿಯನ್ನು ಹತ್ತಿ, ಕತ್ತನ್ನು ಉದ್ದಕ್ಕೆ ಚಾಚಿ, ಹಿಂಗಾಲುಗಳನ್ನು ಎರಡು ಬದಿಗೆ ಹರಡಿ, ಬೆರಳುಗಳನ್ನು ಬಿಡಿಸಿ ಬಿಸಿಲಿಗೆ ಒಡ್ಡಿತ್ತು. ಎರಡು ವರ್ಷದಿಂದ ಅದು ಹಾಗೆ ಮಲಗಿರಲಿಲ್ಲ. ರೋಸ್ವಿತಾ ಡಬ್ಬಿಯನ್ನು ಕೆಳಗಿಟ್ಟಳು. ಕಡೆಯ ಹಲಗೆಯನ್ನು ಒಳಬದಿಯಿಂದ ಮೂಲೆಗೆ ಒರಗಿಸಿ, ಬುಡಕ್ಕೆ ಒಂದು ಇಟ್ಟಿಗೆ ಕೊಟ್ಟು, ಆ ಬದಿಯ ಬಲೆಯನ್ನು ಎಳೆದು ಹಾಸಿ ಗುಡಿಸಲಿನೊಳಗೆ ಹೋದಳು. ಆಲೂಗಡ್ಡೆಯ ಸಲಾಡನ್ನೂ ಒಂದು ತಣ್ಣನೆಯ ಸಾಸೇಜನ್ನೂ ತಿಂದು ಮಲಗಿದಳು.

ಎರಡೂ ಮುಕ್ಕಾಲಿಗೆ ಎದ್ದು ಬಂದಾಗ ದಿಮ್ಮಿಯ ಮೇಲೆ ಆಮೆಯಿರಲಿಲ್ಲ. ನೀರಿನಲ್ಲಿಯೂ ಇರಲಿಲ್ಲ. ಒರಗಿಸಿಟ್ಟ ಹಲಗೆಯ ಮೇಲೆ ಒದ್ದೆಯ ಗುರುತಿತ್ತು. ಮೂಲೆಯಲ್ಲಿ ಬಲೆ ಒಂದು ಗೇಣು ಮೇಲೆದ್ದಿತ್ತು. ಏರಲು ಇಳಿಜಾರು ಇಲ್ಲದ ಮನೆಯನ್ನು ಆರು ವಾರ ಕಟ್ಟಿ, ಕೊನೆಯಲ್ಲಿ ಇಳಿಜಾರನ್ನು ಆಕೆಯೇ ಇಟ್ಟಿದ್ದಳು.

ನನ್ನ ಬೇಲಿಯ ಬಳಿ ಬಂದು ನಿಂತಳು. ಸದ್ದು ಕೂಡದ ಹೊತ್ತಾದ್ದರಿಂದ ಪಿಸುದನಿಯಲ್ಲಿ ಮಾತನಾಡಿದಳು.

"ಎರ್ವಿನ್ ಇಲ್ಲ."

"ಯಾರಿಗೂ ಹೇಳಬೇಡ," ಎಂದೆ. ಅಂಥ ಸಲಹೆ ಕೊಡುವುದು ನನ್ನ ಸ್ವಭಾವವಲ್ಲ. "ನಾವಿಬ್ಬರೇ ಹುಡುಕೋಣ. ಗೊತ್ತಾದ್ರೆ ಅನುಮತಿ ಹೋಗುತ್ತೆ. ಅನುಮತಿ ಹೋದ್ರೆ…"

"ಗೊತ್ತು."

"ಇನ್ನು ಕಾಲು ಗಂಟೆ ತಡಿ. ಮೂರು ಹೊಡೀಲಿ."

ಆಕೆ ಹಿಂಬದಿಯ ಬೇಲಿಯ ಕಡೆ ನೋಡಿದಳು. ಬೇಲಿಯಾಚೆ ರೈಲು ಹಳಿ, ಹಳಿಯಾಚೆ ಇಳಿಜಾರು, ಅದರ ಕೆಳಗೆ ನದಿ. ಬಳಿಕ ಮನೆಯೊಳಗಿನ ಚಪ್ಪಲಿಯಲ್ಲೇ ಸಂಘದ ಕಟ್ಟಡಕ್ಕೆ ನಡೆದುಹೋಗಿ, ಬೆಂಕಿ ಬಿದ್ದರೆ ಬಾರಿಸಲೆಂದು ಜಗಲಿಯಲ್ಲಿ ತೂಗುಹಾಕಿರುವ ಹಿತ್ತಾಳೆಯ ಗಂಟೆಯ ಹಗ್ಗವನ್ನು ಹಿಡಿದು ಎಳೆದಳು. ನನಗೆ ನೆನಪಿರುವಂತೆ ಆ ಗಂಟೆಯನ್ನು ಯಾರೂ ಬಾರಿಸಿರಲಿಲ್ಲ. ಆಕೆ ಅದನ್ನು ಜನ ಸೇರುವವರೆಗೆ ಬಾರಿಸಿದಳು.

ಟ್ರೋಮರ್ ಒಂದು ಕೈಯಲ್ಲಿ ನೀರಿನ ಬಕೆಟ್ ಹಿಡಿದು ಓಡಿ ಬಂದರು. ಅವರ ಕೆನ್ನೆಯ ಮೇಲೆ ದಿಂಬಿನ ಗೆರೆಗಳಿದ್ದವು.

"ಎಲ್ಲಿ ಬೆಂಕಿ?"

"ಬೆಂಕಿ ಇಲ್ಲ. ಆಮೆ ಹೋಗಿದೆ."

"ಆಮೆ ಹೋಗಿದ್ದಕ್ಕೆ ಬೆಂಕಿ ಗಂಟೆನಾ? ಇನ್ನೂ ಮೂರಾಗಿಲ್ಲ, ಫ್ರಾವ್ ಯೇಕೆಲ್."

"ಗೊತ್ತು. ಅದನ್ನೂ ಬರೆದುಕೊಳ್ಳಿ. ಮೊದಲು ಹುಡುಕಿ."

ಒಬ್ಬರ ತೋಟಕ್ಕೆ ಇನ್ನೊಬ್ಬರು ಕೇಳದೆ ಕಾಲಿಡುವಂತಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ತಮ್ಮ ತೋಟವನ್ನು ಹುಡುಕಿ, ಗೇಟಿನಲ್ಲಿ ನಿಂತು, ಸಂಖ್ಯೆಯ ಅನುಕ್ರಮದಲ್ಲಿ ಕೂಗಿ ಹೇಳಬೇಕೆಂದು ಟ್ರೋಮರ್ ತೀರ್ಮಾನಿಸಿದರು. ಮೊದಲು ಅವರೇ ಕೂಗಿದರು.

"ಒಂದು, ಇಲ್ಲ."

"ಎರಡು, ಇಲ್ಲ."

"ಮೂರು, ಇಲ್ಲ. ಮುಳ್ಳುಹಂದಿ ಇದೆ."

"ಮುಳ್ಳುಹಂದಿ ಕೇಳಿಲ್ಲ ನಾವು."

"ಇದೆ ಅಂದೆ, ಅಷ್ಟೆ."

ಹೀಗೆ ಒಂದು ಗಂಟೆ ನಡೆಯಿತು. ಹದಿನೇಳನೆಯವರು ಕಿವಿಯ ಯಂತ್ರ ಹಾಕಿಕೊಂಡಿರಲಿಲ್ಲವಾದ್ದರಿಂದ ಅಲ್ಲಿ ಸ್ವಲ್ಪ ತಡವಾಯಿತು. ಪೊಶ್ಮನ್ ತಮ್ಮ ಬಟಾಣಿ ಸಾಲುಗಳ ನಡುವೆ ಮೊಣಕಾಲೂರಿ, ಎಲೆ ಎಲೆಯನ್ನು ಸರಿಸಿ ನೋಡಿ "ನಲವತ್ತಮೂರು, ಇಲ್ಲ" ಎಂದು ಕೂಗಿದಾಗ ಅವರ ದನಿ ಎಂದಿನಂತಿರಲಿಲ್ಲ. ರೋಸ್ವಿತಾ ದಾರಿಯ ನಡುವೆ ನಿಂತು ಒಂದೊಂದು ಸಂಖ್ಯೆಗೂ ತಲೆಯಾಡಿಸುತ್ತಿದ್ದಳು. ಅರವತ್ತೆರಡನೆಯವರು ಕೂಗಿ ಮುಗಿಸಿದರು. ಆಮೆಯಿರಲಿಲ್ಲ. ಹಳಿಯ ಮೇಲೆ ಒಂದು ಸರಕು ರೈಲು ಹಾದುಹೋಯಿತು. ಅದರ ಕೊನೆಯ ಗಾಡಿ ದಾಟುವವರೆಗೂ ಆಕೆ ಅತ್ತಲೇ ನೋಡುತ್ತಿದ್ದಳು.

ಸಂಜೆಯ ಕಾಫಿಗೆ ಕೇಕು ಮಾಡಲೆಂದು ಟ್ರೋಮರ್ ಅವರ ಹೆಂಡತಿ ರುಬಾರ್ಬ್ ದಂಟು ಕೊಯ್ಯಲು ಹೋಗಿದ್ದರು. ಅವರ ದನಿ ದಾರಿಯ ತುದಿಯಿಂದ ಕೇಳಿಬಂತು.

"ಒಂದು, ಇದೆ."

ಟ್ರೋಮರ್ ತಿರುಗಿ ನೋಡಿದರು.

"ಒಂದು ಆಗ್ಲೇ ನೋಡಾಗಿದೆ," ಎಂದರು.

"ನೀವು ಗೇಟಲ್ಲಿ ನಿಂತು ಕೂಗಿದ್ರಿ. ಎಲೆ ಎತ್ತಿ ಯಾರು ನೋಡಿದ್ರು?"

ಎರ್ವಿನ್ ಅಗಲವಾದ ರುಬಾರ್ಬ್ ಎಲೆಗಳ ಕೆಳಗೆ, ಕಾಲುಗಳನ್ನು ಒಳಗೆ ಸೆಳೆದುಕೊಂಡು ಕುಳಿತಿತ್ತು. ರೋಸ್ವಿತಾ ಗೇಟಿನಲ್ಲಿ ನಿಂತು, ಒಳಗೆ ಬರಲು ಅನುಮತಿ ಕೇಳಿ, ಕೊಟ್ಟ ಮೇಲೆ ಹೋಗಿ ಅದನ್ನು ಎತ್ತಿಕೊಂಡಳು. ಚಿಪ್ಪಿನ ಮಣ್ಣನ್ನು ತನ್ನ ಅಂಗಿಯ ಅಂಚಿನಿಂದ ಒರೆಸಿದಳು. ಬಳಿಕ ಟ್ರೋಮರ್ ಅವರತ್ತ ತಿರುಗಿ, "ಗಡಿ ದಾಟಿದೆ. ಸೋಮವಾರ ಸಭೆ ಕರೀರಿ," ಎಂದು ಹೇಳಿ ಹೊರಟಳು.

ಸೋಮವಾರದ ಹೊತ್ತಿಗೆ ಆಕೆ ಬಲೆಯನ್ನು ಬಿಚ್ಚಿ ಸುರುಳಿ ಸುತ್ತಿಟ್ಟಿದ್ದಳು. ಸಭೆಯಲ್ಲಿ ಕೊನೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಆಮೆ ಅಧ್ಯಕ್ಷರ ತೋಟದಲ್ಲೇ ಸಿಕ್ಕಿದ್ದನ್ನಾಗಲಿ, ಅಧ್ಯಕ್ಷರು ಹುಡುಕಿದ ಬಗೆಯನ್ನಾಗಲಿ ಎತ್ತಿ ತೋರಿಸಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದರು.

"ಸಿಕ್ಕಿದ್ದು ಒಂದನೇ ತೋಟದಲ್ಲಿ ಅಂತ ನಡಾವಳೀಲಿ ಇರಲೇಬೇಕಾ?" ಎಂದು ಟ್ರೋಮರ್ ನನ್ನನ್ನು ಕೇಳಿದರು.

"ಇರಲೇಬೇಕು," ಎಂದೆ.

ಅವರು ನಿಟ್ಟುಸಿರು ಬಿಟ್ಟು, ನಲವತ್ತನಾಲ್ಕನೆಯ ತೋಟಕ್ಕೆ ಕೊಟ್ಟ ಅನುಮತಿ ರದ್ದಾಗಿದೆ ಎಂದು ಓದಿದರು. ರೋಸ್ವಿತಾ "ಸರಿ" ಎಂದಳು. ಆಗ ಪೊಶ್ಮನ್ ಕೈಯೆತ್ತಿದರು.

"ನಲವತ್ತಮೂರನೇ ತೋಟದಿಂದ ಒಂದು ಅರ್ಜಿ."

"ಏನಕ್ಕೆ?"

"ಒಂದು ಆಮೆಗೆ. ಬೇಸಿಗೆ ಮಟ್ಟಿಗೆ."

"ನಿಮ್ಮ ಹತ್ರ ಆಮೆ ಇಲ್ವಲ್ಲ, ಹೆರ್ ಪೊಶ್ಮನ್."

"ಬರುತ್ತೆ."

"ಅದೇ ಆಮೆ ತಾನೇ?"

"ಆಮೆ ಅದೇ. ತೋಟ ಬೇರೆ. ನನ್ನ ತೋಟದಿಂದ ಇವತ್ತಿನವರೆಗೆ ಒಂದು ಆಮೆನೂ ತಪ್ಪಿಸಿಕೊಂಡಿಲ್ಲ. ಬೇಕಾದ್ರೆ ಹಳೇ ನಡಾವಳಿ ತೆಗೆದು ನೋಡಿ."

ಟ್ರೋಮರ್ ನಿಯಮ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮಗುಚಿದರು. ಅನುಮತಿ ತೋಟಕ್ಕೆ ಕೊಟ್ಟಿದ್ದು, ರದ್ದಾದದ್ದೂ ತೋಟಕ್ಕೆ. ಆಮೆಯ ಮೇಲೆ ಸಂಘದ ಯಾವ ತೀರ್ಮಾನವೂ ಇರಲಿಲ್ಲ. ಎರಡನೆಯ ಸಾಲಿನಿಂದ ಅವರ ಹೆಂಡತಿ, "ನಮ್ಮ ತೋಟದಲ್ಲಿ ಅಷ್ಟು ಹೊತ್ತು ಇತ್ತು, ಒಂದು ಎಲೇನೂ ಮುಟ್ಟಿಲ್ಲ ಅದು," ಎಂದರು. ಅದೇ ಷರತ್ತಿನ ಮೇಲೆ ಅನುಮತಿ ಕೊಡಲಾಯಿತು. ವಿರೋಧಿಸಿದವರು ಇಬ್ಬರು.

ಹೊರಗೆ ಬಂದ ಮೇಲೆ ರೋಸ್ವಿತಾ ಪೊಶ್ಮನ್ ಅವರನ್ನು ತಡೆದು ನಿಲ್ಲಿಸಿದಳು.

"ನನ್ನನ್ನ ಕೇಳಲಿಲ್ಲ ನೀವು."

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ."

ಇಬ್ಬರೂ ತೋಟಗಳ ಕಡೆ ನಡೆದರು. ನಾನು ಹಿಂದೆ ಬರುತ್ತಿದ್ದೆ.

"ನಿಮ್ಮ ಹುಲ್ಲಿನ ಮೇಲೆ ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತೆ?" ಎಂದು ಆಕೆ ಕೇಳಿದಳು.

"ಎಂಟೂವರೆಗೆ."

"ನನ್ನ ಕಡೆ ಎಂಟಕ್ಕೇ ಬೀಳ್ತಿತ್ತು."

"ಅರ್ಧ ಗಂಟೆ ತಡವಾಗಿ ಏಳಲಿ ಬಿಡಿ. ಅದಕ್ಕೇನು ಟ್ರಾಮ್ ಓಡಿಸೋದಿದೆಯಾ?"

ಆರು ವಾರದಲ್ಲಿ ಕಟ್ಟಿದ್ದನ್ನು ಬೇಲಿಯಾಚೆ ಒಂಬತ್ತು ದಿನದಲ್ಲಿ ಕಟ್ಟಿದರು. ಪೊಶ್ಮನ್ ಪ್ರತಿ ಮೂಲೆಗೂ ತಗಡು ಹೊಡೆಯಬೇಕೆಂದರು, ಆಕೆ ಬೇಡವೆಂದಳು, ಕಡೆಗೆ ಹಲಗೆಯ ಮೇಲೆ ತಗಡು ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕೆ ದಿನವೂ ಬೆಳಿಗ್ಗೆ ನಲವತ್ತಮೂರರ ಗೇಟಿನಲ್ಲಿ ನಿಂತು, ಪೊಶ್ಮನ್ "ಬನ್ನಿ" ಎಂದ ಮೇಲೆ ಒಳಗೆ ಹೋದಳು. ಕೀಲಿಯ ಇನ್ನೊಂದು ಪ್ರತಿಯನ್ನು ಅವರು ಮೊದಲ ವಾರವೇ ಕೊಟ್ಟಿದ್ದರು. ಆಕೆ ಅದನ್ನು ಬಳಸಲಿಲ್ಲ.

ಸೆಪ್ಟೆಂಬರ್ ಇಪ್ಪತ್ತೊಂದರಂದು ಪಶುವೈದ್ಯೆ ಚಿಪ್ಪಿನ ಅಂಚನ್ನು ಒತ್ತಿದರು. ಇನ್ನೊಮ್ಮೆ, ಜೋರಾಗಿ ಒತ್ತಿದರು. ಅದು ತಗ್ಗಲಿಲ್ಲ.

"ಚಳಿಗಾಲಕ್ಕೆ ಮಲಗಿಸಬಹುದು," ಎಂದರು. "ಆದ್ರೆ ಒಂದು ಬೇಸಿಗೆ ಸಾಲಲ್ಲ. ಮುಂದಿನ ವರ್ಷಕ್ಕೂ ಜಾಗ ಇದೆ ತಾನೇ?"

"ಹೆರ್ ಪೊಶ್ಮನ್ ಅವರನ್ನ ಕೇಳಬೇಕು," ಎಂದಳು ರೋಸ್ವಿತಾ.

ಐವತ್ತು ವರ್ಷದಿಂದ ಆಕೆಯನ್ನು ಬಲ್ಲೆ. ತನ್ನದೊಂದು ಕೆಲಸ ಇನ್ನೊಬ್ಬರನ್ನು ಕೇಳಿ ಆಗಬೇಕು ಎಂದು ಆಕೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆ ಸಂಜೆ ಆಕೆಯೊಂದಿಗೆ ನಲವತ್ತಮೂರರ ಗೇಟಿಗೆ ನಾನೂ ಹೋದೆ. ಪೊಶ್ಮನ್ ಕೊನೆಯ ಆಲೂಗಡ್ಡೆಗಳನ್ನು ಅಗೆಯುತ್ತಿದ್ದರು. ಆಕೆ ವಿಷಯ ಹೇಳಿದಳು. ಅವರು ಗುದ್ದಲಿ ಊರಿಕೊಂಡು ನಿಂತರು.

"ಹೀಗೆ ಬಾಯಿಮಾತಲ್ಲಿ ಕೇಳಿದ್ರೆ ಆಗುತ್ತಾ, ಫ್ರಾವ್ ಯೇಕೆಲ್?" ಎಂದರು. "ಅರ್ಜಿ ಬರೆದು ಕೊಡಿ. ಯೋಚನೆ ಮಾಡ್ತೀನಿ."

ಅವರು ತಮಾಷೆಗೆ ಹೇಳಿದ್ದರು. ರೋಸ್ವಿತಾ ಕೈಚೀಲದಿಂದ ಅರ್ಜಿ ತೆಗೆದುಕೊಟ್ಟಳು. ಪೊಶ್ಮನ್ ಮಣ್ಣಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಿಂತಲ್ಲೇ ಅದನ್ನು ಪೂರ್ತಿ ಓದಿದರು; ಎರಡು ಪುಟವಿತ್ತು. ಓದಿ ಮುಗಿಸಿ, ಸಹಿ ಎಲ್ಲಿ ಹಾಕಬೇಕೆಂದು ಕೇಳಿದರು.